ಹೆಸರು ತಿಳಿಯದ ಶಿಲೀಂಧ್ರಕ್ಕೆ ಅಂದಾಜಿನ ಮದ್ದು

ರಕ್ತಕ್ಕೆ ಫಂಗಸ್ ಇಳಿದಿದೆಯೇ ಎಂದು ತಾಸುಗಳಲ್ಲಿ ಪತ್ತೆ ಹಚ್ಚುವುದು ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ ಕೆಲಸ, ಜಿಲ್ಲೆ-ತಾಲ್ಲೂಕು ಮಟ್ಟದಲ್ಲಿ ಅದು ಆಗುವ ಮಾತಲ್ಲ, ಆಗಬೇಕಾದ ಅಗತ್ಯವೂ ಇಲ್ಲ ಎಂಬ ಅಭಿಪ್ರಾಯ ನಮ್ಮ ವೈದ್ಯಲೋಕದಲ್ಲೂ ಆರೋಗ್ಯ ಆಡಳಿತದಲ್ಲೂ ಬೇರು ಬಿಟ್ಟಿದೆ. ಐಸಿಯುದಲ್ಲಿ ಮಲಗಿದವರ ಜ್ವರ ಐದಾರು ದಿನವಾದರೂ ಇಳಿಯಲಿಲ್ಲ, ಎಂಥ ಆ್ಯಂಟಿಬಯೋಟಿಕ್ ಕೊಟ್ಟರೂ ಜಗ್ಗಲಿಲ್ಲ ಎಂದಾದರೆ ಶಿಲೀಂಧ್ರದ ಮದ್ದಾದ ಫ್ಲುಕೊನಜೋಲ್ ಸೇರಿಸಿ ಕೇಸ್‌ಶೀಟಿನಲ್ಲಿ ‘ಫಂಗಲ್ ಕವರ್’ ಎಂದು ಬರೆದರೆ ಸಾಕು, ಬ್ಲಡ್ ಕಲ್ಚರ್ ಮಾಡಿಸಿದ್ದರೆ ಅದು ಬಂದಾಗ ನೋಡಿಕೊಳ್ಳೋಣ, ಅಷ್ಟರೊಳಗೆ ಸುಧಾರಿಸದಿದ್ದರೆ ಸೊಲ್ಲಾಪುರಕ್ಕೋ ಹುಬ್ಬಳ್ಳಿಗೋ ಕಳಿಸೋಣ ಎನ್ನುವುದು ಈ ಅಭಿಪ್ರಾಯದ ನಡಾವಳಿ. ಇದನ್ನು ಹೇಳುವವರು ಕೆಟ್ಟವರಲ್ಲ. ಇದ್ದ ನಾಲ್ಕು ಮಂದಿಯಲ್ಲಿ, ಇದ್ದ ಹಾಸಿಗೆಗಳಲ್ಲಿ ಹಗಲು-ರಾತ್ರಿ ದುಡಿಯುವವರೇ ಇದನ್ನು ಹೇಳುತ್ತಾರೆ. ಆದರೂ ಇದು ತಪ್ಪು. ವಿಜಯಪುರ ಜಿಲ್ಲೆಯ ಆಲಮಟ್ಟಿಯಂಥ ಊರಿನ ರೋಗಿಯ ಮಟ್ಟಿಗಂತೂ ತಲೆಕೆಳಗಾದ ವಾದ. ಪರಿಣತರು, ಯಂತ್ರಗಳು, ಹತ್ತು ಬಗೆಯ ಔಷಧ ಒಂದೇ ಕಟ್ಟಡದಲ್ಲಿರುವ ಕಡೆ ಅಂದಾಜು ತಪ್ಪಿದರೆ ತಿದ್ದಿಕೊಳ್ಳಲು ಮರುದಿನ ಇರುತ್ತದೆ. ಅವು ಎರಡು ತಾಸಿನ ದಾರಿಯಾಚೆ ಇರುವ ಕಡೆ ಆ ಮರುದಿನ ಇರುವುದಿಲ್ಲ. ಬೇಗ ತಿಳಿಯಬೇಕಾದ ಅಗತ್ಯ ಹೆಚ್ಚಾಗಿರುವುದು ಇಲ್ಲೇ.

ಕ್ಯಾಂಡಿಡಾ ಎಂಬ ಶಿಲೀಂಧ್ರ ನಮ್ಮಲ್ಲಿ ಅನೇಕರ ಬಾಯಿ, ಕರುಳು, ಚರ್ಮದ ಮೇಲೆ ತಣ್ಣಗೆ ಇರುವಂಥದ್ದು. ಕರುಳು ತೂತಾಗಿ ಆಪರೇಷನ್ ಆದವರು, ವಾರಗಟ್ಟಲೆ ಆ್ಯಂಟಿಬಯೋಟಿಕ್ ತೆಗೆದುಕೊಂಡವರು, ಕುತ್ತಿಗೆಗೆ ಸೆಂಟ್ರಲ್ ಲೈನ್ ಹಾಕಿಸಿಕೊಂಡವರು, ಡಯಾಲಿಸಿಸ್ ಮೇಲಿರುವವರು, ದಿನ ತುಂಬದೆ ಹುಟ್ಟಿದ ಕೂಸುಗಳು ಇಂಥವರಲ್ಲಿ ಅದು ರಕ್ತಕ್ಕೆ ಇಳಿಯುತ್ತದೆ. ಲಕ್ಷಣ ಬ್ಯಾಕ್ಟೀರಿಯಾದ ಸೆಪ್ಸಿಸ್‌ನಂತೆಯೇ: ಜ್ವರ, ಬಿ.ಪಿ. ಕುಸಿತ, ಪ್ಲೇಟ್‌ಲೆಟ್ ಇಳಿಕೆ. ಕಣ್ಣಿಂದ ನೋಡಿ ಹೇಳಲು ಬರುವುದಿಲ್ಲ. ಭಾರತದಲ್ಲಿ ಇದರ ದೊಡ್ಡ ಲೆಕ್ಕ ತೆಗೆದವರು ಚಂಡೀಗಡದ ಪಿಜಿಐ ಸಂಸ್ಥೆಯ ಅರುಣಾಲೋಕ ಚಕ್ರಬರ್ತಿ ಮತ್ತು ಸಂಗಡಿಗರು. 2011ರ ಏಪ್ರಿಲ್‌ನಿಂದ 2012ರ ಸೆಪ್ಟೆಂಬರ್‌ವರೆಗೆ ದೇಶದ 27 ಐಸಿಯುಗಳಲ್ಲಿ 1400 ಪ್ರಕರಣಗಳನ್ನು ಅವರು ಕಲೆಹಾಕಿದರು. ಐಸಿಯುಗೆ ಸೇರಿದ ಪ್ರತಿ ಸಾವಿರ ಮಂದಿಯಲ್ಲಿ 6.51 ಜನರಿಗೆ ಇದು ಬಂದಿತ್ತು. ಮೂವತ್ತು ದಿನದೊಳಗೆ ತೀರಿಕೊಂಡವರು ನೂರಕ್ಕೆ 44.7. ಐಸಿಯು ಸೇರಿದ ಸುಮಾರು ಎಂಟನೆಯ ದಿನಕ್ಕೇ ಸೋಂಕು ಕಾಣಿಸಿಕೊಂಡಿತ್ತು. ಹಾಗಾಗಿ ಇದು ಶ್ರೀಮಂತ ನಗರಗಳ, ಕ್ಯಾನ್ಸರ್ ಆಸ್ಪತ್ರೆಗಳ ಅಪರೂಪದ ಕಾಯಿಲೆ ಎಂದು ತಳ್ಳಿಹಾಕುವಂತಿಲ್ಲ. ಐಸಿಯು ಎಲ್ಲಿದೆಯೋ ಅಲ್ಲಿ ಇದೂ ಇದೆ. ಇವತ್ತು ನಮ್ಮ ತಾಲ್ಲೂಕು ಕೇಂದ್ರಗಳ ಖಾಸಗಿ ನರ್ಸಿಂಗ್ ಹೋಮ್‌ಗಳಲ್ಲೂ ಐಸಿಯು ಇದೆ.

ಈಗ ಫ್ಲುಕೊನಜೋಲ್ ವಿಷಯ. ಅಗ್ಗದ ಔಷಧ, ಒಳ್ಳೆಯ ಔಷಧ, ನಾಲ್ಕು ದಶಕಗಳ ಹತ್ತಿರ ಬಳಕೆಯಲ್ಲಿರುವುದು. ಅದರ ಮೇಲೆ ನನಗೆ ತಕರಾರಿಲ್ಲ, ಹೆಸರು ಕೇಳದೆ ಕೊಡುವುದರ ಮೇಲೆ ಇದೆ. ಅಮೆರಿಕ-ಯುರೋಪಿನ ಪಠ್ಯಪುಸ್ತಕದಲ್ಲಿ ಕ್ಯಾಂಡಿಡಾ ಎಂದರೆ ಮೊದಲು ಆಲ್ಬಿಕನ್ಸ್. ಆ ತಳಿ ಫ್ಲುಕೊನಜೋಲ್‌ಗೆ ಸಾಮಾನ್ಯವಾಗಿ ಬಗ್ಗುತ್ತದೆ. ನಮ್ಮ ಐಸಿಯುಗಳ ಲೆಕ್ಕದಲ್ಲಿ ಮೊದಲ ಸ್ಥಾನ ಟ್ರಾಪಿಕಾಲಿಸ್‌ನದು, 41.6 ಪ್ರತಿಶತ. ಅದೂ ಬಹುಮಟ್ಟಿಗೆ ಬಗ್ಗುವ ತಳಿಯೇ, ಆದರೆ ಪ್ರತಿರೋಧ ಕಲಿಯುತ್ತಿದೆ. ಎಲ್ಲ ತಳಿ ಸೇರಿಸಿ ನೋಡಿದರೆ ಈ ಗುಂಪಿನ ಔಷಧಗಳಿಗೆ ಜಗ್ಗದವು 11.8 ಪ್ರತಿಶತ. ಕ್ರುಸೈ ಎಂಬ ತಳಿಗೆ ಫ್ಲುಕೊನಜೋಲ್ ಹುಟ್ಟಾ ನಾಟುವುದೇ ಇಲ್ಲ. ಇವೆಲ್ಲಕ್ಕಿಂತ ಗಂಭೀರವಾದದ್ದು ಆರಿಸ್. 2009ರಲ್ಲಿ ಜಪಾನಿನ ಒಬ್ಬ ರೋಗಿಯ ಕಿವಿಯಲ್ಲಿ ಸಿಕ್ಕು ಹೆಸರು ಪಡೆದ ಈ ತಳಿ ಅದೇ ಭಾರತೀಯ ಅಧ್ಯಯನದ 27ರಲ್ಲಿ 19 ಐಸಿಯುಗಳಲ್ಲಿ ಆಗಲೇ ಇತ್ತು, 1400ರಲ್ಲಿ 74 ಪ್ರಕರಣ. ಶಿವಪ್ರಕಾಶ್ ರುದ್ರಮೂರ್ತಿ ಮತ್ತು ತಂಡ 2017ರಲ್ಲಿ ಪ್ರಕಟಿಸಿದ ಆ 74ರ ವಿವರ ನಮ್ಮ ವಾದಕ್ಕೆ ನೇರವಾಗಿ ತಾಗುವಂಥದ್ದು: ಅರ್ಧಕ್ಕಿಂತ ಹೆಚ್ಚು, 58.1 ಪ್ರತಿಶತ, ಫ್ಲುಕೊನಜೋಲ್‌ಗೆ ಜಗ್ಗಲಿಲ್ಲ. ಸರಕಾರಿ ಆಸ್ಪತ್ರೆಗಳಲ್ಲಿ ಆರಿಸ್ ಬರುವ ಸಂಭವ ಹೆಚ್ಚಿತ್ತು. ಮುಂಚೆಯೇ ಶಿಲೀಂಧ್ರದ ಔಷಧ ತೆಗೆದುಕೊಂಡವರಲ್ಲಿ ಇನ್ನೂ ಹೆಚ್ಚಿತ್ತು. ಅಂದರೆ ಅಂದಾಜಿನ ‘ಕವರ್’ ಯಾವ ತಳಿಯ ವಿರುದ್ಧ ಕೈಲಾಗದೆ ನಿಲ್ಲುತ್ತದೋ ಅದೇ ತಳಿಗೆ ಜಾಗ ಮಾಡಿಕೊಡುವ ಸಾಧ್ಯತೆಯೂ ಇದೆ. ವಿಜಯಪುರದ ದ್ರಾಕ್ಷಿ ಬೆಳೆಗಾರ ಇದನ್ನು ಚೆನ್ನಾಗಿ ಬಲ್ಲ. ಬೂದಿರೋಗಕ್ಕೆ ಅವನು ಹೊಡೆಯುವ ಹೆಕ್ಸಾಕೊನಜೋಲ್ ಈ ಫ್ಲುಕೊನಜೋಲ್‌ನ ಬಳಗದ್ದೇ. ಡೌನಿ ಎಂಬ ಇನ್ನೊಂದು ರೋಗ ಬಿದ್ದ ಬಳ್ಳಿಗೆ ಅದು ಏನೂ ಮಾಡುವುದಿಲ್ಲ. ಎಲೆ ಹೊರಳಿಸಿ ಬೂದಿಯೋ ಡೌನಿಯೋ ಎಂದು ನೋಡದೆ ಅವನು ಎಣ್ಣಿ ಹೊಡೆಯುವುದಿಲ್ಲ, ತಪ್ಪಿದರೆ ಒಂದು ಮಳೆ-ಮೋಡದಲ್ಲಿ ತೋಟವೇ ಹೋಗುತ್ತದೆ. ತೋಟದಲ್ಲಿ ಇಷ್ಟು ಪರೀಕ್ಷೆ ಮಾಡುವ ಜಿಲ್ಲೆಯಲ್ಲಿ ಮನುಷ್ಯನ ರಕ್ತಕ್ಕೆ ಅಷ್ಟೂ ಬೇಡ ಎನ್ನುವುದನ್ನು ಒಪ್ಪಲಾಗದು.

‘ಅನುಮಾನವಿದ್ದಾಗ ಕೊಟ್ಟುಬಿಟ್ಟರೆ ನಷ್ಟವೇನು’ ಎಂದು ಕೇಳುವವರಿಗೆ ಫ್ರಾನ್ಸಿನಿಂದ ಉತ್ತರ ಬಂದಿದೆ. ಎಂಪಿರಿಕಸ್ ಎಂಬ ಹೆಸರಿನ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ಐಸಿಯುನಲ್ಲಿ ಹೊಸದಾಗಿ ಸೆಪ್ಸಿಸ್ ಆದ, ಮೈಮೇಲೆ ಕ್ಯಾಂಡಿಡಾ ನೆಲೆಸಿದ್ದ, ಆದರೆ ರಕ್ತದಲ್ಲಿ ಸಾಬೀತಾಗದ ರೋಗಿಗಳಿಗೆ ಚೀಟಿ ಎತ್ತಿದಂತೆ ಅರ್ಧ ಜನಕ್ಕೆ ಮೈಕಾಫಂಗಿನ್, ಅರ್ಧ ಜನಕ್ಕೆ ಬರೀ ಸಲೈನ್ ಕೊಟ್ಟರು. ಮೈಕಾಫಂಗಿನ್ ಫ್ಲುಕೊನಜೋಲ್‌ಗಿಂತ ಬಲವಾದ ಔಷಧ. ಶಿಲೀಂಧ್ರ ಸೋಂಕಿಲ್ಲದೆ 28 ದಿನ ಬದುಕುಳಿದವರ ಪ್ರಮಾಣದಲ್ಲಿ ಖಚಿತ ಎನ್ನಬಹುದಾದ ವ್ಯತ್ಯಾಸ ಬರಲಿಲ್ಲ. ಇನ್ನೊಂದು ಮಾತು ಚರ್ಚೆಯಲ್ಲಿ ಬರುವುದೇ ಕಡಿಮೆ: ಈ ಕಾಯಿಲೆಗೆ ಔಷಧ ಚಿಕಿತ್ಸೆಯ ಒಂದು ಭಾಗ ಮಾತ್ರ. ರಕ್ತದಲ್ಲಿ ಕ್ಯಾಂಡಿಡಾ ಇದೆ ಎಂದು ಖಾತ್ರಿಯಾದರೆ ಸೆಂಟ್ರಲ್ ಲೈನ್ ಕೀಳಬೇಕು. ಕಣ್ಣಿನ ಪಾಪೆ ಹಿಗ್ಗಿಸಿ ಒಳಗೆ ಸೋಂಕು ಇಳಿದಿದೆಯೇ ನೋಡಬೇಕು, ಬಿಟ್ಟರೆ ದೃಷ್ಟಿ ಹೋಗಬಹುದು. ಮತ್ತೆ ಮತ್ತೆ ಕಲ್ಚರ್ ಮಾಡಿ, ರಕ್ತ ಶುದ್ಧವಾದ ದಿನದಿಂದ ಎಣಿಸಿ 14 ದಿನ ಮದ್ದು ಕೊಡಬೇಕು. ಹೃದಯದ ಕವಾಟ, ಹೊಟ್ಟೆಯೊಳಗಿನ ಕೀವು ಹುಡುಕಬೇಕು. ಅಂದಾಜಿನ ಫ್ಲುಕೊನಜೋಲ್ ಇವಾವುದನ್ನೂ ಮಾಡಿಸುವುದಿಲ್ಲ. ಅನುಮಾನದ ಮೇಲೆ ಒಬ್ಬರ ಲೈನ್ ಕಿತ್ತು ಹೊಸದು ಹಾಕಲು ಯಾವ ಅನಸ್ತೇಷಿಯಾ ವೈದ್ಯರು ಒಪ್ಪುತ್ತಾರೆ? ಎಷ್ಟು ದಿನ ಕೊಡಬೇಕು ಎಂಬುದಕ್ಕೂ ಲೆಕ್ಕ ಸಿಗುವುದಿಲ್ಲ, ಎಣಿಕೆ ಶುರುವಾಗುವ ದಿನವೇ ಗೊತ್ತಿರುವುದಿಲ್ಲ. ಜ್ವರ ಇಳಿದರೆ ನಿಲ್ಲಿಸುತ್ತಾರೆ, ಇಳಿಯದಿದ್ದರೆ ಮುಂದುವರಿಸುತ್ತಾರೆ. ಎರಡೂ ತಪ್ಪಾಗಬಹುದು.

ಸಮಯದ ಬೆಲೆ ಎಷ್ಟು ಎಂಬುದಕ್ಕೆ ಅಮೆರಿಕದ ನಾಲ್ಕು ಆಸ್ಪತ್ರೆಗಳ 230 ರೋಗಿಗಳ ಲೆಕ್ಕವನ್ನು ಗೇರಿ ಮತ್ತು ಸಂಗಡಿಗರು 2006ರಲ್ಲಿ ಕೊಟ್ಟರು. ಕಲ್ಚರ್‌ಗೆ ರಕ್ತ ತೆಗೆದ ದಿನವೇ ಮದ್ದು ಶುರುವಾದವರಲ್ಲಿ ಸಾವು ನೂರಕ್ಕೆ 15, ಮರುದಿನ ಶುರುವಾದವರಲ್ಲಿ 24, ಎರಡನೆಯ ದಿನ 37, ಮೂರನೆಯ ದಿನ ಅಥವಾ ಆಮೇಲೆ 41. ಹಿಂದಿನ ದಾಖಲೆ ಕೆದಕಿ ಮಾಡಿದ ಲೆಕ್ಕ ಇದು, ಪ್ರಯೋಗವಲ್ಲ. ಹೀಗಾಗಿ ಒಂದೊಂದು ಅಂಕಿಯನ್ನೂ ಕಲ್ಲಿನ ಮೇಲಿನ ಗೆರೆ ಎಂದು ನಾನು ಹೇಳುವುದಿಲ್ಲ. ಅಲ್ಲಿ ಕೊಟ್ಟದ್ದು ಫ್ಲುಕೊನಜೋಲನ್ನೇ ಅಲ್ಲವೇ, ಹಾಗಾದರೆ ಬೇಗ ಫ್ಲುಕೊನಜೋಲ್ ಕೊಡುವ ನಮ್ಮ ಪದ್ಧತಿಯೇ ಸರಿಯಾಯಿತಲ್ಲ ಎಂದು ಎದುರುವಾದಿಗಳು ಹೇಳಬಹುದು. ಆದರೆ ಆ 230 ಮಂದಿಯೂ ಕಲ್ಚರ್‌ನಲ್ಲಿ ಕ್ಯಾಂಡಿಡಾ ಬೆಳೆದು ಸಾಬೀತಾದವರು, ಗಡಿಯಾರ ಶುರುವಾದದ್ದು ಅವರ ತೋಳಿನಿಂದ ರಕ್ತ ತೆಗೆದ ಗಳಿಗೆಯಿಂದ. ರಕ್ತವನ್ನೇ ತೆಗೆಯದೆ ಔಷಧ ಕೊಡುವ ಪದ್ಧತಿಗೆ ಈ ಲೆಕ್ಕದಿಂದ ಯಾವ ಬೆಂಬಲವೂ ಸಿಗದು.

ಆ ಗಡಿಯಾರವನ್ನು ನಮ್ಮ ಕಡೆ ಇಟ್ಟು ನೋಡೋಣ. ಆಲಮಟ್ಟಿ ಈಗ ನಿಡಗುಂದಿ ತಾಲ್ಲೂಕು, ಹಿಂದೆ ಬಸವನ ಬಾಗೇವಾಡಿಯದು. ಅಣೆಕಟ್ಟಿನ ಊರು, ಹೆದ್ದಾರಿ ಪಕ್ಕದ ಊರು, ಕೂಡಗಿಯ ವಿದ್ಯುತ್ ಸ್ಥಾವರ ಹತ್ತಿರವೇ. ಇಲ್ಲಿ ಅಪಘಾತವಾದವರು, ಹೊಟ್ಟೆಯ ಆಪರೇಷನ್ ಬೇಕಾದವರು ಒಂದು ಕಡೆ ಬಾಗಲಕೋಟೆಗೆ, ಇನ್ನೊಂದು ಕಡೆ ವಿಜಯಪುರಕ್ಕೆ ಹೋಗುತ್ತಾರೆ. ಅಲ್ಲಿಂದ ಬಿಗಡಾಯಿಸಿದರೆ ಸೊಲ್ಲಾಪುರ, ಮಿರಜ, ಬೆಳಗಾವಿ, ಹುಬ್ಬಳ್ಳಿ. ರೋಗಿ ಆಂಬುಲೆನ್ಸಿನಲ್ಲಿ ಹೋಗುತ್ತಾರೆ, ಕಲ್ಚರ್‌ಗೆ ತೆಗೆದ ರಕ್ತದ ಬಾಟಲಿ ಹಿಂದೆ ಉಳಿಯುತ್ತದೆ. ಕ್ಯಾಂಡಿಡಾ ಬಾಟಲಿಯಲ್ಲಿ ಬೆಳೆದು ಯಂತ್ರ ಸಂಜ್ಞೆ ಕೊಡಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ. ಇದು ಜೀವಿಯ ಬೆಳವಣಿಗೆಗೆ ಬೇಕಾದ ಸಮಯ, ಬೈದು ಫಲವಿಲ್ಲ. ಬೈಯಬೇಕಾದದ್ದು ಉಳಿದ ಸಮಯವನ್ನು. ಬಾಟಲಿಗೆ ಎಂಟು-ಹತ್ತು ಎಂ.ಎಲ್. ಬದಲು ಎರಡು-ಮೂರು ಎಂ.ಎಲ್. ಹಾಕುವುದು, ತುಂಬಿದ ಬಾಟಲಿಯನ್ನು ತಿಳಿಯದೆ ವಾರ್ಡಿನ ಫ್ರಿಜ್ಜಿನಲ್ಲಿಡುವುದು, ರಾತ್ರಿ ಎಂಟಕ್ಕೆ ತೆಗೆದ ರಕ್ತ ಮರುದಿನ ಹತ್ತಕ್ಕೆ ಲ್ಯಾಬ್ ಬಾಗಿಲು ತೆರೆದ ಮೇಲೆ ಯಂತ್ರಕ್ಕೆ ಹೋಗುವುದು, ಶನಿವಾರ ರಾತ್ರಿ ಸಂಜ್ಞೆ ಬಂದ ಬಾಟಲಿಯನ್ನು ಸೋಮವಾರ ನೋಡುವುದು, ಕೊನೆಗೆ ‘ಯೀಸ್ಟ್ ಬೆಳೆದಿದೆ’ ಎಂಬ ವರದಿ ಅಚ್ಚಾಗಿ ರೋಗಿ ಬಿಟ್ಟುಹೋದ ವಾರ್ಡಿಗೆ ಬರುವುದು. ಇವುಗಳಲ್ಲಿ ಒಂದಕ್ಕೂ ಕೋಟಿ ರೂಪಾಯಿಯ ಯಂತ್ರ ಮದ್ದಲ್ಲ. ಜೊತೆಗೆ ಆರಿಸ್ ತಳಿಗೆ ಇನ್ನೊಂದು ಗುಣವಿದೆ: ಮಂಚದ ಸರಳು, ಬಿ.ಪಿ. ಪಟ್ಟಿಯ ಮೇಲೆಲ್ಲ ವಾರಗಟ್ಟಲೆ ಬದುಕಿದ್ದು ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಹೆಸರು ತಿಳಿಯದೆ ರೋಗಿಯನ್ನು ಮುಂದಿನ ಊರಿಗೆ ಕಳಿಸಿದರೆ ಶಿಲೀಂಧ್ರವನ್ನೂ ಆ ಐಸಿಯುಗೆ ಕಳಿಸಿದಂತಾಗುತ್ತದೆ. ‘ಹೇಗೂ ರೆಫರ್ ಮಾಡುತ್ತೇವಲ್ಲ’ ಎಂಬ ಸಮಾಧಾನ ಇಲ್ಲಿಗೆ ಮುಗಿಯಬೇಕು.

ಕ್ಷಿಪ್ರ ಪತ್ತೆ ಎಂದರೆ ದುಬಾರಿ ಯಂತ್ರ ಎಂಬ ನಂಬಿಕೆಯೇ ಈ ಅಭಿಪ್ರಾಯದ ಬುಡ. ಯಂತ್ರಗಳು ಇವೆ, ಅವನ್ನು ಕಡೆಗಣಿಸುವುದಿಲ್ಲ. ಟಿ2 ಕ್ಯಾಂಡಿಡಾ ಎಂಬುದಕ್ಕೆ 2014ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಕಲ್ಚರ್ ಮಾಡದೆ ನೇರ ರಕ್ತದಿಂದಲೇ ಮೂರರಿಂದ ಐದು ತಾಸಿನಲ್ಲಿ ಐದು ತಳಿ ಗುರುತಿಸುತ್ತದೆ, ಆದರೆ ಆ ಐದರಲ್ಲಿ ಆರಿಸ್ ಇಲ್ಲ. ಸಂಜ್ಞೆ ಬಂದ ಬಾಟಲಿಯಿಂದ ಒಂದು ತಾಸಿನಲ್ಲಿ ಆರಿಸ್ ಸಹಿತ ಹೆಸರು ಹೇಳುವ ಪಿಸಿಆರ್ ಪ್ಯಾನೆಲ್‌ಗಳೂ ಬಂದಿವೆ. ಇವು ಜಿಲ್ಲೆಗೊಂದು ಬರುವುದಾದರೆ ಬರಲಿ. ಆದರೆ ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. 2021ರಲ್ಲಿ ಕೋವಿಡ್ ಬೆನ್ನಿಗೆ ಬ್ಲ್ಯಾಕ್ ಫಂಗಸ್ ಬಂದಾಗ ಕರ್ನಾಟಕ ಸರಕಾರ ಮೇ ತಿಂಗಳಲ್ಲೇ ಅದನ್ನು ಅಧಿಸೂಚಿತ ರೋಗವೆಂದು ಘೋಷಿಸಿತು, ಅದರ ಮದ್ದಾದ ಆಂಫೊಟೆರಿಸಿನ್‌ಗಾಗಿ ಊರೂರಲ್ಲಿ ಹುಡುಕಾಟ ನಡೆಯಿತು. ಆಗ ಪತ್ತೆ ಮಾಡಿದ್ದು ಹೇಗೆ? ಮೂಗಿನೊಳಗಿನ ಚೂರು ತೆಗೆದು, ಗಾಜಿನ ಪಟ್ಟಿಯ ಮೇಲೆ ಕೆಓಎಚ್ ಹನಿ ಹಾಕಿ, ಮೈಕ್ರೋಸ್ಕೋಪಿನಲ್ಲಿ ಅಗಲವಾದ ಎಳೆಗಳನ್ನು ನೋಡಿ. ತಾಸೊಪ್ಪತ್ತಿನ ಕೆಲಸ. ಆ ರೋಗ ಮುಖದ ಮೇಲೆ ಕಾಣುತ್ತಿತ್ತು, ಅದಕ್ಕೇ ಸರಕಾರ ಎಚ್ಚೆತ್ತಿತು. ರಕ್ತದ ಫಂಗಸ್ ಕಾಣುವುದಿಲ್ಲ. ಆದರೆ ಅದನ್ನು ಕಾಣಿಸುವ ವಿದ್ಯೆಯೂ ಅಷ್ಟೇ ಸರಳ. ಸಂಜ್ಞೆ ಬಂದ ಬಾಟಲಿಯಿಂದ ಒಂದು ಹನಿ ತೆಗೆದು ಗ್ರಾಮ್ ಸ್ಟೇನ್ ಹಾಕಿದರೆ ಹತ್ತು-ಹದಿನೈದು ನಿಮಿಷದಲ್ಲಿ ಕಡುನೇರಳೆ ಬಣ್ಣದ, ಬ್ಯಾಕ್ಟೀರಿಯಾಕ್ಕಿಂತ ಹಲವು ಪಟ್ಟು ದೊಡ್ಡದಾದ, ಪಕ್ಕಕ್ಕೆ ಮೊಗ್ಗು ಬಿಟ್ಟ ಅಂಡಾಕಾರದ ಕೋಶಗಳು ಕಾಣುತ್ತವೆ. ನೋಡಿದವರು ಮರೆಯುವ ಚಿತ್ರವಲ್ಲ. ಅಲ್ಲಿಗೆ ಫಂಗಸ್ ಹೌದೋ ಅಲ್ಲವೋ ಎಂಬುದು ಇತ್ಯರ್ಥ. ಅದೇ ಜೀವಿಯನ್ನು ಅರ್ಧ ಎಂ.ಎಲ್. ಸೀರಮ್‌ನಲ್ಲಿ 37 ಡಿಗ್ರಿಯಲ್ಲಿ ಎರಡರಿಂದ ಮೂರು ತಾಸು ಇಟ್ಟರೆ ಆಲ್ಬಿಕನ್ಸ್ ಆಗಿದ್ದಲ್ಲಿ ಬುಡದಲ್ಲಿ ಕಿರಿದಾಗದ ಸಣ್ಣ ಕೊಳವೆ ಮೊಳೆಯುತ್ತದೆ. ಮೊಳೆಯದಿದ್ದರೆ ಬೇರೆ ತಳಿ, ಔಷಧ ಬದಲಿಸುವ ಬಗ್ಗೆ ಆಗಲೇ ಯೋಚಿಸಬಹುದು. ಬಣ್ಣದ ಕ್ರೋಮ್ ಅಗಾರ್ ತಟ್ಟೆಯಲ್ಲಿ ಮರುದಿನವೋ ಮೂರನೆಯ ದಿನವೋ ಆಲ್ಬಿಕನ್ಸ್ ಹಸಿರಾಗಿ, ಟ್ರಾಪಿಕಾಲಿಸ್ ನೀಲಿಯಾಗಿ, ಕ್ರುಸೈ ಗುಲಾಬಿಯಾಗಿ ಏಳುತ್ತವೆ. ಆರಿಸ್ ಇಲ್ಲಿ ಕೈಗೆ ಸಿಗುವುದಿಲ್ಲ. ಹಳೆಯ ಸ್ವಯಂಚಾಲಿತ ಯಂತ್ರಗಳು ಅದನ್ನು ಹೀಮುಲೋನಿ ಎಂದು ತಪ್ಪು ಹೆಸರಿಟ್ಟದ್ದೂ ಉಂಟು. ಅನುಮಾನ ಬಂದ ಆ ಕೆಲವನ್ನು ತಳಿ ಗುರುತಿಸುವ ಮಾಲ್ಡಿ-ಟಾಫ್ ಯಂತ್ರ ಇರುವ ಕೇಂದ್ರಕ್ಕೆ ಕಳಿಸಿದರೆ ಸಾಕು.

ಇದಕ್ಕೆ ಜನ ಎಲ್ಲಿದ್ದಾರೆ ಎಂಬ ಪ್ರಶ್ನೆ ಬರುತ್ತದೆ. ಆಲಮಟ್ಟಿಯಿಂದ ಎರಡು ತಾಸಿನ ಅಳತೆಯೊಳಗೆ ವಿಜಯಪುರದಲ್ಲಿ ಅಲ್-ಅಮೀನ್, ಬಿಎಲ್‌ಡಿಇಯ ಬಿ.ಎಂ. ಪಾಟೀಲ, ಬಾಗಲಕೋಟೆಯಲ್ಲಿ ಎಸ್. ನಿಜಲಿಂಗಪ್ಪ, ಹೀಗೆ ಮೂರು ವೈದ್ಯಕೀಯ ಕಾಲೇಜುಗಳಿವೆ. ಮೈಕ್ರೋಬಯಾಲಜಿ ವಿಭಾಗವಿಲ್ಲದೆ ವೈದ್ಯಕೀಯ ಕಾಲೇಜಿಗೆ ಮಾನ್ಯತೆಯೇ ಇಲ್ಲ. ಗ್ರಾಮ್ ಸ್ಟೇನ್ ಎರಡನೆಯ ವರ್ಷದ ಎಂಬಿಬಿಎಸ್ ವಿದ್ಯಾರ್ಥಿ ಪರೀಕ್ಷೆಯಲ್ಲಿ ಮಾಡಿ ತೋರಿಸುವ ಕೆಲಸ. ವಿದ್ಯೆ ಇದೆ, ಮೈಕ್ರೋಸ್ಕೋಪ್ ಇದೆ. ಬೇಕಾದದ್ದು ಮೂರೂ ಕಡೆಯ ಲ್ಯಾಬುಗಳು ಸುತ್ತಲಿನ ತಾಲ್ಲೂಕುಗಳ ಬಾಟಲಿಗಳನ್ನು ರಾತ್ರಿಯೂ ಸ್ವೀಕರಿಸುವ ಒಪ್ಪಂದ, ಅವನ್ನು ತಲುಪಿಸುವ ಗಾಡಿ. ಕ್ಷಯದ ಕಫದ ಮಾದರಿ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಪರೀಕ್ಷಾ ಕೇಂದ್ರಕ್ಕೆ ಹೋಗಿ ಫಲಿತಾಂಶ ಮೊಬೈಲಿಗೆ ಬರುವ ವ್ಯವಸ್ಥೆಯನ್ನು ಇದೇ ಆರೋಗ್ಯ ಇಲಾಖೆ ಕಟ್ಟಿದೆ. 2020ರಲ್ಲಿ ಕೆಲವೇ ತಿಂಗಳಲ್ಲಿ ಜಿಲ್ಲೆ ಜಿಲ್ಲೆಗೂ ಆರ್‌ಟಿ-ಪಿಸಿಆರ್ ಬಂದದ್ದನ್ನು ನಾವೆಲ್ಲ ಕಂಡಿದ್ದೇವೆ. ಆಗುವುದಿಲ್ಲ ಎನ್ನುವುದಕ್ಕೆ ಆಧಾರವಿಲ್ಲ.

ಗಟ್ಟಿಯಾದ ಆಕ್ಷೇಪಗಳು ಎರಡು. ಮೊದಲನೆಯದು ಜರ್ಮನಿಯ ಕ್ಯಾಂಡಿಸೆಪ್ ಪ್ರಯೋಗ, 2022ರಲ್ಲಿ ಪ್ರಕಟವಾದದ್ದು. ಸೆಪ್ಸಿಸ್ ರೋಗಿಗಳಲ್ಲಿ ಬೀಟಾ-ಡಿ-ಗ್ಲುಕನ್ ಎಂಬ ರಕ್ತಪರೀಕ್ಷೆ ನೋಡಿ ಮದ್ದು ಶುರು ಮಾಡಿದ ಗುಂಪಿಗೆ ಮಧ್ಯಾಂಕದಂತೆ 1.1 ದಿನದಲ್ಲಿ ಔಷಧ ಸಿಕ್ಕಿತು, ಕಲ್ಚರ್ ಕಾದವರಿಗೆ 4.4 ದಿನ. ಆದರೂ 28 ದಿನದ ಸಾವಿನಲ್ಲಿ ವ್ಯತ್ಯಾಸವಾಗಲಿಲ್ಲ. ನೋಡಿ, ಬೇಗ ತಿಳಿದರೂ ಜೀವ ಉಳಿಯಲಿಲ್ಲ ಎಂದು ಇದನ್ನು ಎತ್ತಿ ತೋರಿಸುತ್ತಾರೆ. ಪ್ರಯೋಗ ಒಳ್ಳೆಯದು, ಮುಚ್ಚಿಡುವಂಥದ್ದಲ್ಲ. ಆದರೆ ಅದರ ಬಹುಪಾಲು ರೋಗಿಗಳಲ್ಲಿ ಕ್ಯಾಂಡಿಡಾ ಸೋಂಕು ಇರಲೇ ಇಲ್ಲ, ಪರೀಕ್ಷೆಯೂ ತಳಿಯ ಹೆಸರು ಹೇಳುವಂಥದ್ದಲ್ಲ. ಡಯಾಲಿಸಿಸ್ ಪೊರೆ, ಆಲ್ಬುಮಿನ್, ಆಪರೇಷನ್‌ನ ಹತ್ತಿಬಟ್ಟೆ ಇವುಗಳಿಂದಲೂ ಗ್ಲುಕನ್ ಏರಬಹುದು. ಅಂಥ ಪರೀಕ್ಷೆಯನ್ನು ಮದ್ದು ಶುರು ಮಾಡಲು ಬಳಸಿದರೆ ಅದೂ ಅಂದಾಜೇ. ಅದರ ನಿಜವಾದ ಬೆಲೆ ಇರುವುದು ಫಲಿತಾಂಶ ಇಲ್ಲ ಎಂದು ಬಂದಾಗ: ಗ್ಲುಕನ್ ಕಡಿಮೆ ಇದ್ದರೆ, ಕಲ್ಚರ್ ಬೆಳೆಯದಿದ್ದರೆ, ಬೇಡವಾದ ಫ್ಲುಕೊನಜೋಲನ್ನು ಧೈರ್ಯವಾಗಿ ನಿಲ್ಲಿಸಬಹುದು. ನಮ್ಮ ಚರ್ಚೆಯಲ್ಲಿ ಬೇಗ ಶುರು ಮಾಡುವ ಮಾತಿದೆ, ಬೇಗ ನಿಲ್ಲಿಸುವ ಮಾತೇ ಇಲ್ಲ. ಎರಡನೆಯ ಆಕ್ಷೇಪ, ದೇಹದ ಆಳಕ್ಕೆ ಇಳಿದ ಕ್ಯಾಂಡಿಡಾ ಸೋಂಕುಗಳಲ್ಲಿ ಸುಮಾರು ಅರ್ಧದಷ್ಟನ್ನು ಕಲ್ಚರ್ ಹಿಡಿಯುವುದೇ ಇಲ್ಲ ಎಂಬುದು. ನಿಜ. ಅದಕ್ಕೇ ತೀರಾ ಅಸ್ವಸ್ಥರಲ್ಲಿ ರಕ್ತ ತೆಗೆದು ಕಳಿಸಿ ಆ ಕ್ಷಣವೇ ಮದ್ದು ಶುರು ಮಾಡುವುದನ್ನು ನಾನು ವಿರೋಧಿಸುತ್ತಿಲ್ಲ. ಅರ್ಧ ಸಿಗುವುದಿಲ್ಲ ಎಂಬ ಕಾರಣಕ್ಕೆ ಸಿಗುವ ಅರ್ಧವನ್ನೂ ಹುಡುಕದಿರುವುದನ್ನು ವಿರೋಧಿಸುತ್ತಿದ್ದೇನೆ. ಈ ಭಾಗದಲ್ಲಿ ಪ್ರಕರಣ ಎಲ್ಲಿವೆ ಎಂದು ಕೇಳುವವರಿಗೂ ಇದೇ ಉತ್ತರ. ಕಳಿಸದ ರಕ್ತದಲ್ಲಿ ಏನೂ ಬೆಳೆಯುವುದಿಲ್ಲ.

ಕೂಸುಗಳ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ವಿಶೇಷ ಘಟಕ ಬಂದ ಮೇಲೆ ಒಂದು-ಒಂದೂವರೆ ಕಿಲೋ ತೂಕದ ಕೂಸುಗಳೂ ಬದುಕುತ್ತಿವೆ. ಅದು ಈ ಎರಡು ದಶಕಗಳ ದೊಡ್ಡ ಸಾಧನೆ. ಅಂಥ ಕೂಸಿನಲ್ಲಿ ಕ್ಯಾಂಡಿಡಾ ಮಿದುಳಿಗೂ ಕಣ್ಣಿಗೂ ಬೇಗ ಹೋಗುತ್ತದೆ. ಬೆನ್ನುನೀರು ತೆಗೆದು ನೋಡಬೇಕೇ, ಆಂಫೊಟೆರಿಸಿನ್ ಕೊಡಬೇಕೇ ಎಂಬುದೆಲ್ಲ ಹೆಸರು ತಿಳಿಯುವುದರ ಮೇಲೆ ನಿಂತಿದೆ. ಆ ಕೂಸಿನ ಮೈಯಿಂದ ಪರೀಕ್ಷೆಗೆ ಸಿಗುವುದು ಒಂದು ಎಂ.ಎಲ್. ರಕ್ತ. ಆ ಒಂದು ಎಂ.ಎಲ್. ಮಕ್ಕಳ ಬಾಟಲಿಗೆ ಹೋಗಿ, ಅದೇ ರಾತ್ರಿ ಯಂತ್ರ ಸೇರಿ, ಸಂಜ್ಞೆ ಬಂದ ಗಳಿಗೆಯಲ್ಲಿ ಯಾರಾದರೂ ನೋಡಬೇಕು ಎನ್ನುವುದು ದುಬಾರಿ ಬೇಡಿಕೆಯಲ್ಲ.

ವಿಜಯಪುರಕ್ಕೆ ಸರಕಾರಿ ವೈದ್ಯಕೀಯ ಕಾಲೇಜು ಬೇಕೆಂದು ಜನ ಬೀದಿಗಿಳಿದು ಹೋರಾಡಿದ್ದಾರೆ, ಆ ಬೇಡಿಕೆ ನ್ಯಾಯವಾದದ್ದು. ಆದರೆ ಕಟ್ಟಡ ಏಳುವವರೆಗೆ ತಡೆಯಬೇಕಾಗಿಲ್ಲದ ಕೆಲಸಗಳಿವೆ. ವಿಶ್ವ ಆರೋಗ್ಯ ಸಂಸ್ಥೆ 2022ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಶಿಲೀಂಧ್ರಗಳ ಪಟ್ಟಿಯಲ್ಲಿ ಆರಿಸ್ ಮತ್ತು ಆಲ್ಬಿಕನ್ಸ್ ಅತಿ ಗಂಭೀರ ಗುಂಪಿನಲ್ಲಿವೆ. ಅದನ್ನು ಆಧಾರವಾಗಿಟ್ಟು ರಾಜ್ಯ ಸರಕಾರ ರಕ್ತದ ಕ್ಯಾಂಡಿಡಾವನ್ನೂ ಬ್ಲ್ಯಾಕ್ ಫಂಗಸ್‌ನಂತೆ ಅಧಿಸೂಚಿತ ಮಾಡಬಹುದು. ಜಿಲ್ಲಾ ಆಸ್ಪತ್ರೆಯ ಲ್ಯಾಬಿಗೆ ರಾತ್ರಿಪಾಳಿಯ ಟೆಕ್ನಿಷಿಯನ್ ಹುದ್ದೆ ಮಂಜೂರು ಮಾಡಬಹುದು. ಬಾಟಲಿಯಲ್ಲಿ ಯೀಸ್ಟ್ ಕಂಡರೆ ಅಚ್ಚಿನ ವರದಿಗೆ ಕಾಯದೆ ಅರ್ಧ ತಾಸಿನೊಳಗೆ ಫೋನ್ ಮಾಡಬೇಕು, ಮಾಡಿದ ವೇಳೆ ಬರೆದಿಡಬೇಕು ಎಂದು ಆದೇಶ ಹೊರಡಿಸಬಹುದು. ಆ ಫೋನ್ ಯಾರಿಗೆ ಹೋಗಬೇಕು ಎಂಬುದಕ್ಕೆ ಇವತ್ತಿನ ಬ್ಲಡ್ ಕಲ್ಚರ್ ಫಾರ್ಮಿನಲ್ಲಿ ಎರಡು ಖಾಲಿ ಗೆರೆ ಸೇರಿಸಿದರೆ ಸಾಕು: ಒಂದು, ಪಾಳಿಯಲ್ಲಿರುವ ವೈದ್ಯರ ಮೊಬೈಲ್ ನಂಬರು. ಇನ್ನೊಂದು, ರೋಗಿಯನ್ನು ಬೇರೆ ಊರಿಗೆ ಕಳಿಸಿದ್ದರೆ ಆ ಆಸ್ಪತ್ರೆಯ ಹೆಸರು.